ಮರ್ಜ್ ಬಟನ್ ಬಿಟ್ಟುಕೊಟ್ಟ ಮೇಲೆ

ಕಲಬುರಗಿಯಲ್ಲಿ ನಮ್ಮದು ಎಂಟು ಜನರ ತಂಡ. ಬೇಳೆ ಮಿಲ್ಲುಗಳಿಗೆ ತೂಕ, ದಾಸ್ತಾನು, ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತೇವೆ. ಮೂರು ವರ್ಷ ಕೋಡ್ ಹೇಗಿರಬೇಕು ಅನ್ನೋದೂ ನನ್ನ ತಲೆಮೇಲೆ, ಯಾರಿಗೆ ರಜೆ, ಯಾರಿಗೆ ಎಷ್ಟು ಸಂಬಳ ಅನ್ನೋದೂ ನನ್ನ ತಲೆಮೇಲೆ.

ಹೊಸ ತೊಗರಿ ಬರುವ ಜನವರಿಯಲ್ಲಿ ಇದು ಕೈಕೊಟ್ಟಿತು. ಖಾಲಿ ಚೀಲದ ತೂಕ ಕಳೆಯುವ ಲೆಕ್ಕವನ್ನು ಒಬ್ಬ ಚೀಲಚೀಲಕ್ಕೂ ರೌಂಡ್ ಆಫ್ ಮಾಡಿದ್ದ, ಇನ್ನೊಬ್ಬ ಇಡೀ ಲೋಡಿಗೆ ಒಂದೇ ಸಲ. ವೇಬ್ರಿಡ್ಜ್ ಚೀಟಿ ಒಂದು ಹೇಳಿದರೆ ಬಿಲ್ ಇನ್ನೊಂದು ಹೇಳಿತು. ಮಿಲ್ಲಿನ ಸಾವ್ಕಾರರು ಫೋನ್ ಮಾಡಿ, "ಇದ್ರಾಗ ಯಾವ್ದು ಖರೇ ಅದ ರೀ?" ಅಂದರು. ಎರಡೂ ಕೋಡ್‌ಗೆ ಒಪ್ಪಿಗೆ ಕೊಟ್ಟವನು ನಾನೇ. ಆ ವಾರ ಇಬ್ಬರು ಹುಡುಗರು ಬೆಂಗಳೂರಿಗೆ ಹೊರಟು ನಿಂತಿದ್ದರು. ಅವರನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಓದದೆ ಮರ್ಜ್ ಬಟನ್ ಒತ್ತಿದ್ದೆ. ಒಬ್ಬರು ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವ ಬಟನ್ ಅದು.

ಐಬಿಎಂನಲ್ಲಿ ಓಎಸ್/360 ಅನ್ನೋ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಕೋಡಿನ ತೀರ್ಮಾನ, ತಂಡದ ಉಸ್ತುವಾರಿ ಇವೆರಡು ಬೇರೆ ಬೇರೆ ಕೆಲಸ ಅಂತ ಬರೆದಿದ್ದರು. ಒಬ್ಬರೇ ನಿಭಾಯಿಸೋದು ಮೂರರಿಂದ ಆರು ಜನರ ತಂಡದಲ್ಲಿ ಆದೀತು ಅಂತ. ನಾವು ಎಂಟು. ಲೆಕ್ಕ ಸರಿಯಾಗೇ ಇತ್ತು ಬಿಡಿ.

ಮೊದಲಿನಿಂದ ಜೊತೆಗಿದ್ದ ಒಬ್ಬ ಹೆಣ್ಣುಮಗಳಿಗೆ ಕೋಡಿನ ತೀರ್ಮಾನ ಒಪ್ಪಿಸಿದೆ. ಹುಡುಗರಿಗೆಲ್ಲ ಅವರು ಅಕ್ಕ. ಜನರ ವಿಷಯ ನಾನು ಇಟ್ಟುಕೊಂಡೆ. ಹೇಳಿದ್ದಷ್ಟೇ ಬಂತು. "ಸರ್, ಅಕ್ಕ ಹಿಂಗ ಮಾಡು ಅಂತಾರ. ನೀವೇನಂತೀರಿ?" ಅಂತ ಹುಡುಗರು ಬರೋರು. ನಾನೂ ಸುಮ್ನೆ ಇರದೆ ಹೇಳೋನು. ಕೋಡ್ ಕಂಡರೆ ಕೈ ತುರಿಸುತ್ತೆ, ಅಲ್ವಾ? ಮೂರನೇ ಸಲ ಅವರು ಬಾಗಿಲು ಹಾಕಿಕೊಂಡು ಬಂದರು. "ಕಡೀ ಮಾತು ನಿಮ್ದೇ ಆದ್ರ ನಾ ಯಾಕ ಬೇಕ್ರಿ?"

ಅವತ್ತೇ ಸಂಜೆ ಮರ್ಜ್ ಮಾಡುವ ಅನುಮತಿಯಿಂದ ನನ್ನ ಹೆಸರು ತೆಗೆದೆ. ಮರುದಿನ ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು. ಒತ್ತಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಗಡಿಯ ಮೇಲೆ ಕೂತ ಕೆಲಸಗಳೇ ಕಷ್ಟ. ಸಾವ್ಕಾರರಿಗೆ ತಾರೀಖು ಹೇಳೋದು ನಾನು, ಆದರೆ ಎಷ್ಟು ದಿನ ಬೇಕು ಅಂತ ಅಕ್ಕ ಹೇಳಿದ ಮೇಲೆ. ಸಂಬಳದ್ದು ಇನ್ನೂ ಎಳೆದಾಟ. ಈ ಏಪ್ರಿಲ್‌ನಲ್ಲಿ ಒಬ್ಬನಿಗೆ ಎಲ್ಲರಿಗಿಂತ ಜಾಸ್ತಿ ಕೊಡಬೇಕು ಅಂತ ಅವರು. ಅವನಿದ್ದರೆ ಹೊಸಬರು ಬಾಯಿ ಬಿಡಲ್ಲ ಅಂತ ನಾನು. ಎರಡು ಸಲ ಚಹಾ ಬಂದು ಹೋಯಿತು. ಅವರು ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಕೊಟ್ಟೆವು. ಯಾಕೆ ಅಂತ ಅವನಿಗೆ ನಾನೇ ಹೇಳಿದೆ. ಅವರು ಪಕ್ಕದಲ್ಲಿ ಕೂತಿದ್ದರು, ಮುಖ ಬಿಗಿದುಕೊಂಡೇ.