ಹಟದ ಮಗು: ಮೊದಲು ಹತ್ತು ದಿನ ಬರೆದಿಡಿ

ಕೆಲವು ಮಕ್ಕಳು ಹುಟ್ಟಿನಿಂದಲೇ ಹೀಗೆ. ಅಳುವೂ ಜೋರು, ನಗುವೂ ಜೋರು, ಹಸಿವು-ನಿದ್ದೆಗೆ ಹೊತ್ತುಗೊತ್ತಿಲ್ಲ, ಹೊಸದೇನು ಬಂದರೂ ಮೊದಲು 'ಬೇಡ'. ಮುದ್ದು ಮಾಡಿ ಕೆಡಿಸಿದ್ದರಿಂದ ಬಂದದ್ದಲ್ಲ ಇದು. ಮನೋವೈದ್ಯರಾದ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ದೀರ್ಘ ಅಧ್ಯಯನದಲ್ಲಿ ಶೇ. 10ರಷ್ಟು ಮಕ್ಕಳು ಈ ಗುಂಪಿಗೆ ಸೇರಿದ್ದರು, ಇನ್ನು ಶೇ. 15ರಷ್ಟು ಮಕ್ಕಳು ಹೊಂದಿಕೊಳ್ಳಲು ನಿಧಾನ. ಮಗುವಿನ ಸ್ವಭಾವಕ್ಕಿಂತ, ಅದಕ್ಕೂ ಮನೆಯ ರೀತಿಗೂ ಹೊಂದಿಕೆಯಾಗುತ್ತದೋ ಇಲ್ಲವೋ ಎಂಬುದೇ ಮುಖ್ಯ ಎಂದರು ಅವರು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. 'ಹಟ ಮಾಡಿದ' ಎಂದು ಬರೆದರೆ ಉಪಯೋಗವಿಲ್ಲ. 'ಸಂಜೆ 6:40, ಟಿವಿ ಆರಿಸಿದೆ, ನೆಲಕ್ಕೆ ಬಿದ್ದು ಕಿರುಚಿದ, 12 ನಿಮಿಷ' ಎಂದು ಬರೆಯಿರಿ. ಹತ್ತು ದಿನಕ್ಕೆ ಜಾಡು ಸಿಗುತ್ತದೆ. ಸಾಕ್ಸಿನ ಹೊಲಿಗೆ, ಅಂಗಿಯ ಲೇಬಲ್, ಮಿಕ್ಸಿ ಸದ್ದಿಗೆ ರಂಪವಾದರೆ ಅದು ಸೂಕ್ಷ್ಮತೆ. ಲೇಬಲ್ ಕತ್ತರಿಸಿದರೆ ಮುಗಿಯಿತು.

ಹೆಚ್ಚಿನ ರಂಪ ಶುರುವಾಗುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ. ಮುಂಚೆಯೇ ತಿಳಿಸಿ, ಆದರೆ ಅಡುಗೆಮನೆಯಿಂದ ಕೂಗಿ ಅಲ್ಲ. ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು, ಮಗು ನಿಮ್ಮ ಕಡೆ ತಿರುಗಿದ ಮೇಲೆ ಹೇಳಿ. ಚಿಕ್ಕವರಿಗೆ 'ಐದು ನಿಮಿಷ' ಅಂದರೆ ಅರ್ಥವಾಗದು. 'ಇನ್ನೆರಡು ಸಲ ಜಾರು, ಆಮೇಲೆ ಚಪ್ಪಲಿ' ಅಂದರೆ ಆಗುತ್ತದೆ. ಎರಡು ಸಲ ಆದಮೇಲೂ ನೀವು ಮಾತಾಡುತ್ತಾ ನಿಂತರೆ ನಾಳೆಯಿಂದ ಆ ಮಾತಿಗೆ ಬೆಲೆಯಿಲ್ಲ.

ರಂಪ ಏರಿದಾಗ ಬುದ್ಧಿ ಹೇಳಬೇಡಿ, ಕಿವಿಗೆ ಹೋಗುವುದಿಲ್ಲ. ತಗುಲುವ ವಸ್ತು ಸರಿಸಿ, ಪಕ್ಕದಲ್ಲಿ ಕೂತು, 'ಇಲ್ಲೇ ಇದ್ದೀನಿ' ಅನ್ನಿ, ಅಷ್ಟು ಸಾಕು. ಪೂರ್ತಿ ತಣ್ಣಗಾದ ಮೇಲೆ ಒಂದೇ ವಾಕ್ಯದಲ್ಲಿ ಹೇಳಿ.

ದೊಡ್ಡ ತಪ್ಪಾಗುವುದು ಇಲ್ಲಿ: ಒಂಬತ್ತು ಸಲ 'ಇಲ್ಲ' ಎಂದು ಹತ್ತನೆಯ ಸಲ ಸೋತು ಕೊಡುವುದು. ಹತ್ತು ಸಲ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಕೊಡುವುದು ನಿಲ್ಲಿಸಿದಾಗ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ. ಎಷ್ಟೋ ಮನೆಯವರು ಕೈಚೆಲ್ಲುವುದು ಆಗಲೇ. ಹಾಗಾಗಿ 'ಇಲ್ಲ'ಗಳನ್ನು ಕಡಿಮೆ ಮಾಡಿ: ಹೊಡೆಯುವುದು, ರಸ್ತೆ, ಬೆಂಕಿ, ಇಷ್ಟಕ್ಕೆ ಮಾತ್ರ. ಉಳಿದದ್ದಕ್ಕೆ ಕೊಡುವುದಿದ್ದರೆ ಕೇಳಿದ ತಕ್ಷಣ ಕೊಟ್ಟುಬಿಡಿ. ಅಜ್ಜಿ-ತಾತ ಸೇರಿ ಮನೆಯ ಎಲ್ಲರದೂ ಒಂದೇ ಪಟ್ಟಿ ಇರಲಿ.

ನಾಚುವ ಮಗುವನ್ನು ಸಮಾರಂಭಕ್ಕೆ ಜನ ಸೇರುವ ಮೊದಲೇ ಕರೆದುಕೊಂಡು ಹೋಗಿ. 'ಹಾಡು ಹೇಳು' ಎಂದು ಮುಂದೆ ತಳ್ಳಬೇಡಿ. ಅದರ ಕಿವಿಗೆ ಬೀಳುವಂತೆ 'ಇವಳು ಯಾವಾಗಲೂ ಹೀಗೇ' ಅನ್ನಲೇಬೇಡಿ.

ಕಲಿತ ಮಾತು ಮರೆಯಾದರೆ, ತನ್ನನ್ನೇ ಗಾಯ ಮಾಡಿಕೊಂಡರೆ, ಊಟ-ನಿದ್ದೆ ವಾರಗಟ್ಟಲೆ ಕೆಟ್ಟರೆ ಅದನ್ನು ಸ್ವಭಾವವೆಂದು ಬಿಡಬೇಡಿ. ಮಕ್ಕಳ ವೈದ್ಯರ ಬಳಿ ಹೋಗಿ, ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.