ಸಂಜೆಯ ಸಿಡಿಮಿಡಿಗೆ ಕೋಲಾಟ, ಆಮೇಲೆ ಅಂಗಾಲಿಗೆ ಎಣ್ಣೆ

ದೊಡ್ಡವರು ದಣಿದು ಬಂದಿರುತ್ತಾರೆ, ಮಕ್ಕಳಿಗೆ ಹಸಿವು, ಹೋಂವರ್ಕ್ ಬಾಕಿ. ಆ ಹೊತ್ತಿನಲ್ಲಿ ‘ಕೂತು ಮಾತಾಡೋಣ’ ಎಂದರೆ ಜಗಳವೇ ಬೆಳೆಯುತ್ತದೆ. ಮೊದಲು ಮೈ ಸಡಿಲವಾಗಲಿ. 20 ನಿಮಿಷ ಸಾಕು. ಆದರೆ ಶುರುವಿಗೆ ಮುಂಚೆ ಒಂದು ಬಾಳೆಹಣ್ಣೋ ಒಂದು ಹಿಡಿ ಕಡಲೆಪುರಿಯೋ ಎಲ್ಲರ ಹೊಟ್ಟೆಗೆ ಬಿದ್ದಿರಬೇಕು.

ಒಬ್ಬೊಬ್ಬರಿಗೆ ಎರಡು ಕೋಲು: ಒಂದಡಿಗಿಂತ ತುಸು ಉದ್ದ, ಹೆಬ್ಬೆರಳಿನ ದಪ್ಪ. ಸಿಬಿರು ಏಳದಂತೆ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿಡಿ. ಎದುರುಬದುರು ನಿಂತು ನಾಲ್ಕು ಎಣಿಸಿ. ಒಂದಕ್ಕೆ ನಿಮ್ಮ ಎರಡು ಕೋಲು ಪರಸ್ಪರ ತಾಗಲಿ; ಎರಡಕ್ಕೆ ನಿಮ್ಮ ಬಲಗೋಲು ಎದುರಿನವರ ಬಲಗೋಲಿಗೆ; ಮೂರಕ್ಕೆ ಮತ್ತೆ ನಿಮ್ಮವೇ; ನಾಲ್ಕಕ್ಕೆ ಎಡಗೋಲು ಎಡಗೋಲಿಗೆ. ಒಂದು ಎಣಿಕೆಗೆ ಒಂದು ಸೆಕೆಂಡು. ಬೆರಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ತಮ್ಮ ಕೋಲನ್ನೇ ನೋಡುತ್ತಿರುವವರಿಗೆ. ಎದುರಿನವರ ಕೈ ನೋಡಿ. ಮಗು ಕೋಲನ್ನು ಕತ್ತಿಯಂತೆ ಬೀಸತೊಡಗಿದರೆ ಬೈಯಬೇಡಿ, ಎಣಿಸುವ ಕೆಲಸ ಅದಕ್ಕೇ ಕೊಡಿ. ಕೊನೆಯ ಎರಡು ನಿಮಿಷ ಲಯ ಇಳಿಸಲೇಬೇಕು, ಇಲ್ಲವಾದರೆ ಮಕ್ಕಳು ರಾತ್ರಿ ಹತ್ತಾದರೂ ಮಲಗುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿದ್ದರೆ ಚಕ್ಕಳಮಕ್ಕಳ ಕೂತೇ ಆಡಿ.

ಈಗ ಎಣ್ಣೆ. ಕೊಬ್ಬರಿಯದೋ ಎಳ್ಳಿನದೋ, ಒಬ್ಬರಿಗೆ ಒಂದು ಟೀ ಚಮಚ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ಬಿಸಿ ನೋಡಿ. ಹಚ್ಚಲೇ ಎಂದು ಕೇಳಿದ ಮೇಲೆಯೇ ಕಾಲು ಮುಟ್ಟಿ. ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಒಮ್ಮೆ ನೀವಲು ದೊಡ್ಡವರ ಪಾದಕ್ಕೆ ಏಳೆಂಟು ಸೆಕೆಂಡು ಹಿಡಿಯಲಿ. ಹಿತವಾದ ಸ್ಪರ್ಶಕ್ಕೆ ಸ್ಪಂದಿಸುವ ಚರ್ಮದ ನರತಂತುಗಳು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ನೇವರಿಕೆಗೆ ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಅಂಗೈ ಪೂರ್ತಿ ಊರಿ. ಬೆರಳ ತುದಿಯಲ್ಲಿ ಸವರಿದರೆ ಬರೀ ಕಚಗುಳಿ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ ಇರಬಹುದು, ಆದ್ದರಿಂದ ಗಾಯವಿದೆಯೇ ನೋಡಿ, ಬೆರಳ ಸಂದಿಯಲ್ಲಿ ಎಣ್ಣೆ ಉಳಿಸಬೇಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಪ್ರತಿದಿನ ಅಮ್ಮನೇ ಹಚ್ಚುವಂತಾದರೆ ಇದೂ ಅವಳ ತಲೆಗೆ ಇನ್ನೊಂದು ಕೆಲಸ. ಒಂದು ದಿನ ಮಕ್ಕಳು ಅಜ್ಜಿಗೆ ಹಚ್ಚಲಿ, ಮರುದಿನ ಅಪ್ಪ ಅಮ್ಮನಿಗೆ. ಹದಿಹರೆಯದವರು ಬೇಡವೆಂದರೆ ಬಲವಂತ ಬೇಡ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದರೂ ಆದೀತು. ಮನೆಯಲ್ಲಿ ಕೈ ಎತ್ತುವವರಿದ್ದರೆ ಇದು ಅದಕ್ಕೆ ಮದ್ದಲ್ಲ: ಮಹಿಳೆಯರು 181ಕ್ಕೆ, ಮಕ್ಕಳು 1098ಕ್ಕೆ ಕರೆ ಮಾಡಬಹುದು.

ಮುಗಿದ ಮೇಲೆ ಹಳೆಯ ಟವೆಲಿನಿಂದ ಪಾದ ಒರೆಸಿ, ಟೈಲ್ಸ್ ನೆಲದಲ್ಲಿ ಎಣ್ಣೆಗಾಲು ಜಾರುತ್ತದೆ.