ಹಳೇ ಕಾರಿನ ಅಲ್ಯೂಮಿನಿಯಂ ರೇಡಿಯೇಟರ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಇಷ್ಟು ನೋಡಿ

ಪದ್ಮಿನಿ, ಅಂಬಾಸಿಡರ್‌ಗಳಿಗೆ ಕಂಪನಿಯವರು ಕೊಟ್ಟಿದ್ದು ತಾಮ್ರ–ಹಿತ್ತಾಳೆಯ ರೇಡಿಯೇಟರ್. ತೂತು ಬಿದ್ದರೆ ರೇಡಿಯೇಟರ್ ಅಂಗಡಿಗೆ ಒಯ್ದು ಬೆಸುಗೆ ಹಾಕಿಸಿದರೆ ಮುಗಿಯಿತು. ಈಚೆಗೆ ಹಗುರ, ಬೆಲೆಯೂ ಕಡಿಮೆ ಅಂತ ಆ ಜಾಗಕ್ಕೆ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿಕೊಂಡವರಿದ್ದಾರೆ. ಇದು ಸೋರಿದಾಗ ಆ ಹಳೇ ಬೆಸುಗೆ ಕೆಲಸಕ್ಕೆ ಬರುವುದಿಲ್ಲ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ಆ ಪೊರೆ ಇರುವ ತನಕ ಸೀಸ–ತವರದ ಬೆಸುಗೆ ಹಿಡಿಯದೆ ಉರುಳಿ ಬೀಳುತ್ತದೆ.

ಸೋರಿಕೆ ಎಲ್ಲಿ, ಯಾಕೆ?

ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೇ ಚಿಮ್ಮುತ್ತದೆ. ತಣ್ಣಗಾದ ಮೇಲೆ ಮೊದಲು ಹೋಸ್ ಪೈಪುಗಳ ಕ್ಲಿಪ್ಪು, ಆಮೇಲೆ ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ ನೋಡಿ. ಆ ರಂಧ್ರದಿಂದ ಹನಿ ಬೀಳುತ್ತಿದ್ದರೆ ಪಂಪಿನ ಸೀಲು ಹೋಗಿದೆ, ರೇಡಿಯೇಟರ್ ನಿರಪರಾಧಿ. ಫ್ಯಾನು ಆ ಹನಿಯನ್ನೇ ಸುತ್ತಲೂ ಎರಚಿ ರೇಡಿಯೇಟರ್ ಒದ್ದೆ ಮಾಡಿರುತ್ತದೆ. ರೇಡಿಯೇಟರಿನದೇ ತಪ್ಪಾಗಿದ್ದರೆ ಟ್ಯೂಬು ಟ್ಯಾಂಕಿಗೆ ಸೇರುವಲ್ಲಿ ಅಥವಾ ಫಿನ್ನುಗಳ (ಟ್ಯೂಬುಗಳ ನಡುವಿನ ತೆಳು ತಗಡುಗಳ) ನಡುವೆ ಬಿಳಿ ಇಲ್ಲವೇ ಹಸಿರು ಹುಡಿ ಕಟ್ಟಿರುತ್ತದೆ.

ಮುಚ್ಚಳದ ಮೇಲಿನ ಅಂಕಿಯನ್ನೂ ಓದಿ. ಅದು ಮುಚ್ಚಳ ತಡೆಯುವ ಒತ್ತಡ; ಆ ಕಾಲದ ಅನೇಕ ಕಾರುಗಳಲ್ಲಿ 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ). ಈಗಿನ ಕಾರಿನ 13–15 ಪಿಎಸ್‌ಐ ಮುಚ್ಚಳ ಅಳತೆಗೆ ಸರಿಹೊಂದಿತು ಅಂತ ಹಾಕಿದ್ದರೆ ಮೊದಲು ಬಾಯಿ ಬಿಡುವುದು ಹಳೇ ಹೋಸು, ಹೀಟರು, ಸಂದುಗಳು.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನ ಗ್ಯಾರೇಜುಗಳು ಮಾಡುವುದೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಹಳೇ ಕಾರಿನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ವಿದ್ಯುತ್ತು ಕೂಲಂಟ್ (ರೇಡಿಯೇಟರಿನಲ್ಲಿ ಹರಿಯುವ, ಎಂಜಿನ್ ತಂಪಿಡುವ ದ್ರವ) ಮೂಲಕವೇ ದಾರಿ ಹುಡುಕಿಕೊಂಡು ಅಲ್ಯೂಮಿನಿಯಂ ಅನ್ನು ಒಳಗಿನಿಂದ ತಿನ್ನುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಕೆಂಪು ಕಡ್ಡಿಯನ್ನು ಲೋಹಕ್ಕೆ ತಾಗದಂತೆ ಕೂಲಂಟ್‌ನಲ್ಲಿ ಅದ್ದಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಎಲ್ಲ ಆಫ್ ಇದ್ದಾಗಲೂ ಹೆಚ್ಚು ತೋರಿಸಿದರೆ ಕೂಲಂಟ್ ಕೆಟ್ಟಿದೆ. ಹೆಡ್‌ಲೈಟ್, ಹಾರ್ನ್, ಎಲೆಕ್ಟ್ರಿಕ್ ಫ್ಯಾನ್ ಒಂದೊಂದಾಗಿ ಹಾಕುತ್ತ ಹೋಗಿ; ಯಾವುದನ್ನು ಹಾಕಿದಾಗ ಅಂಕಿ ಜಿಗಿಯುತ್ತದೋ ಅದರ ಅರ್ಥ್ ವೈರು ಸಡಿಲ. ಸೆಲ್ಫ್ ಹೊಡೆದಾಗ ಜಿಗಿದರೆ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಿರಿ. ಇದನ್ನು ಸರಿಮಾಡದೆ ಎಷ್ಟು ರೇಡಿಯೇಟರ್ ಬದಲಿಸಿದರೂ ಅದೇ ಕತೆ.

ಬಿಚ್ಚುವ ಕ್ರಮ

ಬ್ಯಾಟರಿ ವೈರು ಕಳಚಿ, ಕೆಳಗೆ ಅಗಲವಾದ ಪಾತ್ರೆಯಿಟ್ಟು ಕೂಲಂಟ್ ಇಳಿಸಿ. ಅದನ್ನು ಚರಂಡಿಗೆ ಸುರಿಯಬೇಡಿ, ತೆರೆದೂ ಇಡಬೇಡಿ: ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ವಿಷ, ಬೀದಿನಾಯಿ, ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ಅಂಟಿಕೊಂಡ ಹೋಸನ್ನು ತಿರುಚಿ ಎಳೆದರೆ ಅಲ್ಯೂಮಿನಿಯಂ ಕೊಳವೆಯ ಬಾಯಿ ಸೊಟ್ಟಗಾಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ಹೋಸು ಹೇಗಿದ್ದರೂ ಹೊಸದು ಹಾಕಬೇಕಾದದ್ದೇ. ಫ್ಯಾನು ಮತ್ತು ಕೋರಿನ (ಟ್ಯೂಬು, ಫಿನ್ನುಗಳಿರುವ ಮಧ್ಯಭಾಗದ) ನಡುವೆ ಒಂದು ರಟ್ಟು ಇಳಿಬಿಟ್ಟು, ಬೋಲ್ಟು ಬಿಚ್ಚಿ, ನೇರವಾಗಿ ಮೇಲೆತ್ತಿ.

ಹೊರಗೆ ತೆಗೆದ ಮೇಲೆ ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ನೀರು ತುಂಬಿದ ಟಬ್ಬಿನಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಕೊಡಿ. ಮುಚ್ಚಳದ ಒತ್ತಡಕ್ಕಿಂತ ತುಸುವೇ ಹೆಚ್ಚು ಸಾಕು. ಗುಳ್ಳೆ ಎದ್ದಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ.

ರಿಪೇರಿಯೋ, ಹೊಸದೋ?

ಟ್ಯಾಂಕಿನ ಅಂಚಿನಲ್ಲಿ ಬಿರುಕಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಬಹುದು. ಕಬ್ಬಿಣಕ್ಕೆ ಬಳಸದ ಸ್ಟೀಲ್ ಬ್ರಷ್ಷಿನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿದ ಮೇಲೇ ವೆಲ್ಡಿಂಗ್. ಪಳಗಿದ ಕೈಗೇ ಕೊಡಿ, ಶಾಖ ಹೆಚ್ಚಾದರೆ ಪಕ್ಕದ ಸಂದು ಬಿಡುತ್ತದೆ. ಮಧ್ಯದ ಟ್ಯೂಬು ಸೋರುತ್ತಿದ್ದರೆ ಸುತ್ತಲಿನ ಫಿನ್ನುಗಳನ್ನು ಮೆಲ್ಲಗೆ ಸರಿಸಿ, ಮೈ ತರಿಮಾಡಿ, ಶಾಖ ತಡೆಯುವ ಎಪಾಕ್ಸಿ ಅಂಟು ತುಂಬಿ ಒಂದು ದಿನ ಮುಟ್ಟದೆ ಬಿಡಿ. ಒಂದೆರಡು ಟ್ಯೂಬು ಮುಚ್ಚಿಹೋದರೆ ಅಂಥ ನಷ್ಟವಿಲ್ಲ. ಹತ್ತಾರು ಕಡೆ ಗುಳ್ಳೆ ಬಂದರೆ ಮಾತ್ರ ರಿಪೇರಿಗೆ ದುಡ್ಡು ಹಾಕಬೇಡಿ, ಒಳಗೆಲ್ಲ ಸವೆದಿದೆ ಎಂದರ್ಥ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಸುರಿದು ತೂತು ಮುಚ್ಚುವ ಲಾರಿ ಡ್ರೈವರುಗಳ ವಿದ್ಯೆ ಬಲ್ಲವರು ಬಲ್ಲರು. ಘಾಟಿಯ ನಡುವೆ ಸಿಕ್ಕಿಬಿದ್ದಾಗ ಮನೆ ಸೇರಲು ಅದು ನೆರವಾದೀತು. ಆದರೆ ಸಣ್ಣ ತೂತು ಮುಚ್ಚುವ ಪುಡಿ ಹೀಟರಿನ ಕಿರಿದಾದ ನಾಳಗಳನ್ನೂ ಮುಚ್ಚುತ್ತದೆ. ಮನೆ ಸೇರಿದ ಮೇಲೆ ಪೂರ್ತಿ ತೊಳೆಯಿರಿ.

ಹೊಸದು ಕೊಳ್ಳುವಾಗ ಹಳೆಯದನ್ನು ಹೊತ್ತುಕೊಂಡೇ ಹೋಗಿ, ಬೆಂಗಳೂರಿನವರಾದರೆ ವಾಹನದ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ. ಕೋರಿನ ಎತ್ತರ, ಅಗಲ, ದಪ್ಪ, ಬಾಯಿಗಳ ಅಳತೆ, ಬೋಲ್ಟ್ ತೂತಿನ ಅಂತರ ಎಲ್ಲ ಹೊಂದಬೇಕು. ದಪ್ಪ ಕೋರು ತಂದು ಫ್ಯಾನಿಗೆ ತಾಗಿಸಿಕೊಂಡವರಿದ್ದಾರೆ. ಕಾರಿನ ಮೂಲದ ತಾಮ್ರದ ರೇಡಿಯೇಟರ್ ಅಟ್ಟದ ಮೇಲೆ ಇನ್ನೂ ಬಿದ್ದಿದ್ದರೆ ನಾನಂತೂ ಅದರ ಟ್ಯಾಂಕು ಉಳಿಸಿಕೊಂಡು ಹೊಸ ಕೋರು ಹಾಕಿಸಿ ಎನ್ನುತ್ತೇನೆ. ಗುಜರಿಯವನಿಗೆ ತೂಕಕ್ಕೆ ಕೊಟ್ಟರೆ ಮತ್ತೆ ಸಿಗುವ ಮಾಲಲ್ಲ ಅದು.

ಕೂರಿಸುವಾಗ ಪ್ರತಿ ಬೋಲ್ಟಿಗೂ ರಬ್ಬರ್ ಬುಷ್ ಹಾಕಿ. ಕೆಟ್ಟ ರಸ್ತೆಯಲ್ಲಿ ಹಳೇ ಬಾಡಿ ತಿರುಚಿಕೊಳ್ಳುವಾಗ ಆ ಎಳೆತ ಸಂದುಗಳಿಗೆ ಹೋಗಬಾರದು. ಬೋರ್‌ವೆಲ್ ನೀರು ಬೇಡವೇ ಬೇಡ, ಸುಣ್ಣ ಕಟ್ಟುತ್ತದೆ. ಅಲ್ಯೂಮಿನಿಯಂಗೆ ಹೊಂದುವ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ. ಬೇರೆ ಬೇರೆ ಜಾತಿಯ ಕೂಲಂಟ್ ಕಲಸಬೇಡಿ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಕವಾಟ ತೆರೆದು, ನಿಧಾನವಾಗಿ ತುಂಬಿ. ಮುಚ್ಚಳ ತೆಗೆದಿಟ್ಟೇ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಗುಳ್ಳೆ ಬರುವುದು ನಿಲ್ಲುವ ತನಕ ಮಟ್ಟ ಇಳಿದಂತೆ ಸುರಿಯುತ್ತ ಹೋಗಿ, ಕುದಿಯುವ ಮೊದಲೇ ಮುಚ್ಚಿ. ಮೆಕ್ಯಾನಿಕ್ ಪಕ್ಕದಲ್ಲಿದ್ದರೆ ‘ಥರ್ಮೋಸ್ಟಾಟ್ ಕಿತ್ತುಹಾಕಿ ಸಾರ್, ಕೂಲಾಗಿರುತ್ತೆ’ ಎಂದಾನು. ಒಪ್ಪಬೇಡಿ. ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ ಅದು. ಅದಿಲ್ಲದಿದ್ದರೆ ಎಂಜಿನ್ ಬಿಸಿಯೇರುವುದಕ್ಕೆ ಬಹಳ ಹೊತ್ತು ಹಿಡಿದು ಪೆಟ್ರೋಲೂ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಮಾರನೇ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮಟ್ಟ ನೋಡಿ, ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಮಾಡಿ, ಮಲ್ಟಿಮೀಟರ್ ಕಡ್ಡಿಯನ್ನು ಹೊಸ ಕೂಲಂಟ್‌ನಲ್ಲೂ ಅದ್ದಿ ನೋಡಿ.